ರಷ್ಯಾದವರ ಕೊನೆಯ ಮಂಜು

ನಮ್ಮ ಕಡೆ ಕ್ಯಾಮರಾ ಹೆಗಲಿಗೇರಿಸಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಪುತ್ತೂರಿನವನಾದರೂ ಒಂದೇ, ರಷ್ಯಾದವನಾದರೂ ಒಂದೇ. ಮದುವೆ ವೀಡಿಯೊ ತೆಗೆಯುವ ನಾನು ಕಳೆದ ಚಳಿಗಾಲದಲ್ಲಿ ಚಿತ್ರೀಕರಣಕ್ಕೆಂದು ನಮ್ಮ ಕಡೆಗೆ ಬಂದ ರಷ್ಯಾದ ಹಿರಿಯ ಸಿನಿಮಾ ಛಾಯಾಗ್ರಾಹಕರೊಬ್ಬರಿಗೆ ಸಹಾಯಕನಾಗಿದ್ದೆ. ಹಿಮ, ಕಡಲು, ಯುದ್ಧ ಎಲ್ಲ ತೆಗೆದು ತಲೆ ನರೆತವರು. ಇದು ಅವರ ಕೊನೆಯ ಚಿತ್ರ. "ಮಂಜಿನಲ್ಲಿ ಒಬ್ಬರು ತೂಗುಸೇತುವೆ ದಾಟಬೇಕು. ಅದೊಂದು ಸಿಕ್ಕಿದರೆ ಕ್ಯಾಮರಾ ಕೆಳಗಿಡುತ್ತೇನೆ" ಎಂದು ಹರಕು ಇಂಗ್ಲಿಷಿನಲ್ಲಿ ಕನವರಿಸುತ್ತಿದ್ದರು.

ಹೊಗೆ

ಪುತ್ತೂರಿನ ಹತ್ತಿರದ ಸವಣೂರಿನ ಒಂದು ಅಡುಗೆಮನೆ. ಗಾಜಿನ ಹೆಂಚಿನಿಂದ ಇಳಿದ ಬಿಸಿಲುಕೋಲಿನಲ್ಲಿ ಒಲೆಯ ಹೊಗೆ ನಿಧಾನವಾಗಿ ಸುತ್ತುತ್ತಿತ್ತು. ರಷ್ಯಾದವರು ಕೈಯಲ್ಲಿದ್ದ ಚಹಾ ಮರೆತು ನೋಡುತ್ತಲೇ ಕುಳಿತರು. ಹುಟ್ಟಿದಾಗಿನಿಂದ ಕಂಡ ಹೊಗೆ ಅಂದು ನನಗೂ ಚಂದ ಕಂಡಿತು. ಅದನ್ನೇ ತೆಗೆಯುತ್ತೇವೆಂದು ಹೇಳಿ ಮರುದಿನ ಕ್ಯಾಮರಾ ಹೊತ್ತು ಹೋದರೆ ಗೋಡೆಗೆ ಹೊಸ ಸುಣ್ಣ, ಮೂಲೆಯಲ್ಲಿ ಟ್ಯೂಬ್‌ಲೈಟು, ಒಲೆ ತಣ್ಣಗೆ.

"ನಮ್ಮ ಹೊಗೆಯನ್ನು ರಷ್ಯಾದವರಿಗೆಲ್ಲ ತೋರಿಸುದಾ? ಮರ್ಯಾದೆ ಬೇಡ್ವಾ?" ಎಂದರು ಮನೆಯಾಕೆ. "ಇವತ್ತು ಎಲ್ಲ ಗ್ಯಾಸಲ್ಲೇ ಮಾಡಿದ್ದು."

ಯೋಗ್ಯತೆ

ಜಾಲ್ಸೂರಿನ ಬ್ಯಾರಿ ವ್ಯಾಪಾರಿ, ಹಜ್ ಮಾಡಿ ಬಂದ ಹಾಜಿಯೊಬ್ಬರು ಮಗಳ ಮದುವೆಯ ವೀಡಿಯೊಗೆ ನನಗೆ ಹೇಳಿದ್ದರು. ನಾನು ರಷ್ಯಾದವರನ್ನೂ ಕರೆದುಕೊಂಡು ಹೋಗಿ, ಅವರ ಸಾಧನೆಯನ್ನೆಲ್ಲ ಬಣ್ಣಿಸಿ, ಒಂದು ದಿನ ಇವರೂ ತೆಗೆಯಲಿ ಎಂದೆ. ಹಾಜಿಯವರು ಗಡ್ಡ ನೀವುತ್ತಾ ಪೂರ್ತಿ ಕೇಳಿದರು.

"ಡ್ರೋನ್ ಉಂಟಾ?"

"ಇಲ್ಲ."

"ಹಾಗಾದ್ರೆ ಇವರು ಊಟಕ್ಕೆ ಬರಲಿ. ವೀಡಿಯೊ ನೀನೇ ತೆಗಿ ಮಾರಾಯ."

ಸೇತುವೆ

ರಷ್ಯಾದವರು ಊರಿಗೆ ಹೊರಡುವ ಮುನ್ನಾದಿನ ಬೆಳಿಗ್ಗೆ ಸುಳ್ಯದ ಹತ್ತಿರ ತೂಗುಸೇತುವೆಯ ಈಚೆ ಕ್ಯಾಮರಾ ಹೂಡಿದೆವು. ಮಂಜು ಹೊಳೆಯನ್ನೂ ಆಚೆ ದಡವನ್ನೂ ನುಂಗಿ, ಸೇತುವೆ ಅರ್ಧ ಆಕಾಶಕ್ಕೆ ಹೋದಂತಿತ್ತು. ಹಾಲಿನವರು, ಶಾಲೆಯ ಮಕ್ಕಳು ದಾಟುವ ಹೊತ್ತು. ಆದರೆ ಒಬ್ಬರೂ ಬರಲಿಲ್ಲ. ಕಾದೆವು, ಕಾದೆವು. ನನಗಂತೂ ಅಳುವೇ ಬಂತು.

ಬಿಸಿಲೇರಿತು. ಮಂಜು ತೆಳುವಾಯಿತು. ಆಚೆ ತುದಿಯಲ್ಲಿ ಒಂದು ಕೊಡೆ ಕಂಡಿತು, ಆಮೇಲೆ ಹಾಲಿನ ಕ್ಯಾನು, ಆಮೇಲೆ ಒಂದೊಂದೇ ಮುಖ. ಅರ್ಧ ಊರೇ ಸದ್ದಿಲ್ಲದೆ ಸಾಲಾಗಿ ನಿಂತಿತ್ತು!

"ಎಂತ ಅಲ್ಲೇ ನಿಂತದ್ದು? ಬರುದಲ್ವಾ?" ಎಂದು ಕಿರುಚಿದೆ.

"ಇಲ್ಲಿ ಶೂಟಿಂಗ್ ಉಂಟು ಅಂತ ನಿನ್ನೆಯೇ ಸುದ್ದಿ. ಕ್ಯಾಮರಾಕ್ಕೆ ಅಡ್ಡ ಬರುದು ಹೇಗೆ ಮಾರಾಯ್ರೆ?" ಎಂದರು ಹಾಲಿನವರು. "ನಿಮ್ಮದು ಮುಗೀಲಿ ಅಂತ ಆಗಿಂದ ಕಾಯ್ತಾ ಇದ್ದೇವೆ!"

ನಾನು ಹಣೆ ಚಚ್ಚಿಕೊಂಡೆ. ರಷ್ಯಾದವರು ಮಾತ್ರ ಕ್ಯಾಮರಾದಿಂದ ಕಣ್ಣು ತೆಗೆದಿರಲಿಲ್ಲ. ಮಂಜಿನಿಂದ ಮನುಷ್ಯರು ಮೂಡಿದ್ದೆಲ್ಲ ಅದರಲ್ಲಿ ಬಂದಿತ್ತು. ಕೊನೆಗೆ ತಲೆಯೆತ್ತಿದಾಗ ಅವರ ಕಣ್ಣು ಒದ್ದೆ. "ನಾನು ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು" ಎಂದು ಲೆನ್ಸಿಗೆ ಮುಚ್ಚಳ ಹಾಕಿದರು. ನನಗೆ ಅಷ್ಟು ಸಂತೋಷ ಯಾವ ಮದುವೆಯಲ್ಲೂ ಆಗಿರಲಿಲ್ಲ.

"ಆಯ್ತು, ಬನ್ನಿ! ನಿಮ್ಮನ್ನೇ ತೆಗೆದದ್ದು!" ಎಂದು ಕೂಗಿದೆ.

ಹಾಲಿನವರು ತಮ್ಮ ಮಾಸಿದ ಅಂಗಿ ನೋಡಿಕೊಂಡರು. "ಮೊದಲೇ ಹೇಳುದಲ್ವಾ? ಇರಿ, ಒಳ್ಳೆ ಅಂಗಿ ಹಾಕಿ ಬರ್ತೇವೆ. ಅಷ್ಟರವರೆಗೆ ಆ ಮಂಜು ಹೋಗದ ಹಾಗೆ ನೋಡಿಕೊಳ್ಳಿ!"