ನಿಲ್ಲಿಸುವ ಗುಂಡಿಯಿಲ್ಲದ ನಗಾರಿ

ನಾನು ಇನ್ನೂ ವಿದೇಶಕ್ಕೆ ಹೋಗಿಲ್ಲ. ವಿದೇಶದ ಬಾಗಿಲ ತನಕ ಮಾತ್ರ ಹೋಗಿ ಬಂದಿದ್ದೇನೆ, ಏಳು ಸಲ. ಆ ಬಾಗಿಲು ಇರುವುದು ವೈಟ್‌ಫೀಲ್ಡಿನ ಕಡೆ. ಸಮುದ್ರವೇ ಇಲ್ಲದ ಈ ಊರಿನಲ್ಲಿ ಹಡಗಿಗೆ ಹೋಗುವ ಸರಕನ್ನು ತಪಾಸಣೆ ಮಾಡಿ, ಸೀಲು ಹಾಕಿ, ರೈಲಿಗೇರಿಸಿ ಚೆನ್ನೈ ಬಂದರಿಗೆ ಕಳಿಸುವ ದೊಡ್ಡ ಗೋದಾಮು ಅದು. ಪೀಣ್ಯದಿಂದ ಹೊರಟು, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಾಯಿಸಿ, ಕೊನೆಯ ಸ್ಟೇಷನ್ನಿನಲ್ಲಿಳಿದು ಆಟೊ ಹಿಡಿದರೆ ಅವರ ಗೇಟು ಮುಟ್ಟುವುದಕ್ಕೆ ಕಡಿಮೆ ಎಂದರೆ ಎರಡು ಗಂಟೆ ಐದು ನಿಮಿಷ, ಹೆಚ್ಚೆಂದರೆ ಎರಡು ಗಂಟೆ ಐವತ್ತು. ವಿಮಾನದಲ್ಲಿ ಕೊಲಂಬೊಗೆ ಹೋಗಲು ಇಷ್ಟು ಹೊತ್ತು ಬೇಡವಂತೆ. ಇದನ್ನೆಲ್ಲ ಅಂದಾಜಿನ ಮೇಲೆ ಹೇಳುತ್ತಿಲ್ಲ, ಡೈರಿ ನೋಡಿ ಹೇಳುತ್ತಿದ್ದೇನೆ. ನನಗೆ ಎಲ್ಲವನ್ನೂ ಎಣಿಸಿ ಬರೆದಿಡುವ ಚಟ. ನಮ್ಮ ಪೀಜಿಯಲ್ಲಿ ತಿಂಗಳಿಗೆ ಎಷ್ಟು ದಿನ ಉಪ್ಪಿಟ್ಟು, ಅದರಲ್ಲಿ ಎಷ್ಟು ದಿನ ಉಪ್ಪು ಸರಿಯಿತ್ತು ಎನ್ನುವುದಕ್ಕೂ ನನ್ನ ಹತ್ತಿರ ಲೆಕ್ಕವಿದೆ. "ನಿನ್ನ ಕಟ್ಕೊಳೋನು ದಿನಕ್ಕೆಷ್ಟು ಸಲ ಸೀನ್ದ ಅಂತಾನೂ ಬರೆದಿಡ್ತೀಯ ಕಣೇ" ಎನ್ನುತ್ತಾಳೆ ನನ್ನ ರೂಮಿನಲ್ಲಿರುವ ಹೊಸೂರಿನ ಸೆಲ್ವಿ. ಬರೆದಿಡುತ್ತೇನೆ. ಅದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ.

ನಾನು ಕೆಲಸ ಮಾಡುವುದು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ. ಅಲ್ಲಿ ನಾವು ದೇವಸ್ಥಾನಗಳಿಗೆ ನಗಾರಿ ಯಂತ್ರ ತಯಾರಿಸುತ್ತೇವೆ. ನೀವೂ ನೋಡಿರುತ್ತೀರಿ. ಕಬ್ಬಿಣದ ಚೌಕಟ್ಟಿನಲ್ಲಿ ಒಂದು ನಗಾರಿ, ಎರಡು ಗಂಟೆ, ಒಂದು ಜಾಗಟೆ, ಒಂದು ಜೊತೆ ತಾಳ. ಅರ್ಚಕರು ಗುಂಡಿ ಒತ್ತಿದರೆ ಮೋಟಾರು ತಿರುಗಿ ಎಲ್ಲವೂ ಒಟ್ಟಿಗೆ ಬಾರಿಸತೊಡಗುತ್ತವೆ. ಬೇರೆಯವರ ಯಂತ್ರಕ್ಕೂ ನಮ್ಮದಕ್ಕೂ ಒಂದೇ ವ್ಯತ್ಯಾಸ, ನಮ್ಮದರಲ್ಲಿ ನಿಲ್ಲಿಸುವ ಗುಂಡಿ ಇಲ್ಲ. ಮಂಗಳಾರತಿಯನ್ನು ಅರ್ಧಕ್ಕೆ ನಿಲ್ಲಿಸಬಾರದು ಎನ್ನುವುದು ನಮ್ಮ ಯಜಮಾನರಾದ ನಂಜುಂಡಯ್ಯನವರ ಖಡಾಖಂಡಿತ ನಿಲುವು. ಒಮ್ಮೆ ಶುರುವಾದರೆ ಹನ್ನೊಂದು ನಿಮಿಷ ಬಾರಿಸಿ ತಾನಾಗಿ ನಿಲ್ಲುತ್ತದೆ. ನಡುವೆ ಕರೆಂಟು ಹೋದರೆ ಬ್ಯಾಟರಿ ಇದೆ. ಒಂದು ದೇವಸ್ಥಾನದಲ್ಲಿ ಸಮಿತಿಯ ಸಭೆ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಯಾರದೋ ಮೊಣಕೈ ಗುಂಡಿಗೆ ತಗುಲಿತಂತೆ. ಹನ್ನೊಂದು ನಿಮಿಷ ಯಾರ ಬೈಗುಳವೂ ಯಾರಿಗೂ ಕೇಳಿಸದೆ, ಕೊನೆಗೆ ಅರ್ಧ ಜನ ಸುಸ್ತಾಗಿ ಮನೆಗೆ ಹೋದರಂತೆ. ಈ ಕಥೆಯನ್ನು ಯಜಮಾನರು ನನಗೆ ಒಂಬತ್ತು ಸಲ ಹೇಳಿದ್ದಾರೆ.

ಇಂಥ ನಮ್ಮ ಶೆಡ್ಡಿನ ಮುಂದೆ ಒಂದು ಬೆಳಿಗ್ಗೆ ಯಾತ್ರಿಕರ ಬಸ್ಸೊಂದು ಬಂದು ನಿಂತಿತು. ಶ್ರೀಲಂಕಾದ ಬೆಟ್ಟದ ಮೇಲಿನ ಚಹಾ ತೋಟದವರು, ಕೊಲ್ಲೂರಿಗೆ ಹೊರಟಿದ್ದ ಮೂವತ್ತೆರಡು ಜನ. ಹಿಂದಿನ ಸಂಜೆ ದಾಸರಹಳ್ಳಿಯ ಗುಡಿಯೊಂದರಲ್ಲಿ ನಮ್ಮ ಯಂತ್ರ ಬಾರಿಸಿದ್ದನ್ನು ಕೇಳಿ, ಅದು ಎಲ್ಲಿ ಹುಟ್ಟುತ್ತದೆಂದು ವಿಚಾರಿಸಿಕೊಂಡು ಬಂದಿದ್ದರು. ಲೇತ್ ಮಷೀನು, ಗ್ರೀಸು, ಕಬ್ಬಿಣದ ಪುಡಿ ತುಂಬಿದ ನಮ್ಮ ಶೆಡ್ಡಿನ ಬಾಗಿಲಲ್ಲಿ ಮೂವತ್ತೆರಡು ಜೊತೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಅವರಲ್ಲಿ ಹಿರಿಯರು ಷಣ್ಮುಗಂ ಎಂಬುವವರು, ತಮ್ಮ ತೋಟದ ಗುಡಿಯ ಧರ್ಮದರ್ಶಿ. ಸೆಲ್ವಿಯ ಜೊತೆ ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ಪುಣ್ಯದಿಂದ ನನಗೆ ತಮಿಳು ಬರುತ್ತದೆ. ಅವರು ಹೇಳಿದ್ದಿಷ್ಟು: ಅವರ ಗುಡಿಯಲ್ಲಿ ನಗಾರಿ ಬಾರಿಸುತ್ತಿದ್ದ ಮನೆಯ ಗಂಡುಮಕ್ಕಳೆಲ್ಲ ಪೇಟೆಯ ಬಟ್ಟೆ ಕಾರ್ಖಾನೆಗೆ ಸೇರಿಬಿಟ್ಟಿದ್ದಾರೆ. ಸಂಜೆ ಪೂಜೆಗೆ ಒಂದು ಕೈಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಗುಡಿಯ ಜೀರ್ಣೋದ್ಧಾರ ಮುಗಿಯುತ್ತ ಬಂದಿದೆ, ಇನ್ನೆರಡು ತಿಂಗಳಿಗೆ ಕುಂಭಾಭಿಷೇಕ. "ಅವತ್ತು ಕೂಡ ದೇವರ ಮುಂದೆ ಮೌನವಾಗಿದ್ದರೆ, ಅಮ್ಮಾ, ಆ ಬೆಟ್ಟದ ಮೇಲೆ ನಾವು ಇದ್ದೇವೆ ಅಂತ ಯಾರಿಗೆ ಗೊತ್ತಾಗಬೇಕು?" ಎಂದರು. ಕುಂಭಾಭಿಷೇಕಕ್ಕೆ ಮೊದಲು ಯಂತ್ರ ನಿಮ್ಮ ಗುಡಿಯಲ್ಲಿರುತ್ತದೆ ಎಂದು ನಾನು ಮಾತು ಕೊಟ್ಟೆ. ಯಜಮಾನರನ್ನು ಕೇಳದೆ ಕೊಟ್ಟೆ. ಆವರೆಗೆ ನಾವು ತಿರುಪತಿಯ ಆಚೆಗೆ ಒಂದು ಮೊಳೆಯನ್ನೂ ಕಳಿಸಿದವರಲ್ಲ.

ಕಾಗದಪತ್ರ ನೋಡಿಕೊಳ್ಳಲು ಒಬ್ಬ ಏಜೆಂಟ್ ಬಂದ. ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮೇಡಂ, ನಗಾರಿ ಗಿಗಾರಿ ಅಂತೆಲ್ಲ ಬರೀಬೇಡಿ. ಮೋಟಾರ್ ಇರೋ ಕಬ್ಬಿಣದ ಸ್ಟ್ಯಾಂಡ್ ಅಂತ ಹಾಕಿ. ಯಾರೂ ಕೇಳಲ್ಲ, ಸುಮ್ನೆ ಹೋಗ್ತಾ ಇರುತ್ತೆ" ಎಂದ. ನಾನು ಆಗುವುದಿಲ್ಲ ಎಂದೆ. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಏನಮ್ಮ ರೇಖಾ, ಅವನು ದಿನಾ ಇದೇ ಕೆಲ್ಸ ಮಾಡೋನು. ನಿಂಗ್ಯಾಕೆ ಹಟ?" ಎಂದರು.

"ಸಾರ್, ಲಂಕೆ ಕಸ್ಟಮ್ಸ್‌ನೋರು ಪೆಟ್ಟಿಗೆ ಬಿಚ್ಚಿದಾಗ ಸ್ಟ್ಯಾಂಡ್ ಒಳಗೆ ನಗಾರಿ ಸಿಕ್ರೆ ಅವ್ರು ಹಿಡಿಯೋದು ಇವನನ್ನಲ್ಲ, ಷಣ್ಮುಗಂ ಅವ್ರನ್ನ. ನಗಾರೀನ ನಗಾರಿ ಅಂತಾನೇ ಕಳಿಸೋಣ. ಪೇಪರ್ ನಾನೇ ಮಾಡ್ತೀನಿ."

"ಮಾಡು. ವಾಪಸ್ ಬಂತೋ, ಲಂಕೆಗೆ ನೀನೇ ಹೊತ್ಕೊಂಡು ಹೋಗ್ಬೇಕು."

"ಹೊತ್ಕೊಂಡು ಹೋಗ್ತೀನಿ ಸಾರ್" ಎಂದೆ. ಯಂತ್ರದ ತೂಕ ತೊಂಬತ್ತೆರಡು ಕಿಲೊ. ನನ್ನದು ನಲವತ್ತೇಳು.

ಯಂತ್ರದ ಪೆಟ್ಟಿಗೆ ಟೆಂಪೊದಲ್ಲಿ ಹೋಗಿ ಗೋದಾಮಿನಲ್ಲೇ ಕುಳಿತಿತು, ಪತ್ರ ಹಿಡಿದು ಮೆಟ್ರೊದಲ್ಲಿ ಓಡಾಡಿದವಳು ನಾನು. ಮೊದಲ ಎರಡು ಸಲ ಗೋದಾಮಿನಿಂದ ವಾಪಸು ಬಂದದ್ದು ಪೂರ್ತಿ ನನ್ನದೇ ತಪ್ಪಿನಿಂದ. ಒಮ್ಮೆ ಪೆಟ್ಟಿಗೆಯ ತೂಕ ಬಿಟ್ಟು ಬರೀ ಯಂತ್ರದ ತೂಕ ಬರೆದಿದ್ದೆ, ಇನ್ನೊಮ್ಮೆ ಕಂಪನಿಯ ಮೊಹರನ್ನು ತಲೆಕೆಳಗಾಗಿ ಒತ್ತಿದ್ದೆ. ಇದನ್ನು ಡೈರಿಗೆ ಹೇಳಿದ್ದೇನೆ, ಯಜಮಾನರಿಗೆ ಹೇಳಿಲ್ಲ. ಮೂರನೆಯ ಸಲ ತಪಾಸಣೆಯ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ, "ನಗಾರಿ ಅಂದ್ಮೇಲೆ ಪ್ರಾಣಿ ಚರ್ಮ ಇರ್ಬೇಕಲ್ಲ?" ಎಂದರು. ಇಲ್ಲ ಸಾರ್, ಫೈಬರ್ ಎಂದೆ. ಹಾಗಾದರೆ ಚರ್ಮ ಇಲ್ಲ ಅಂತ ಪತ್ರ ತನ್ನಿ ಎಂದರು. ನನ್ನ ಜೀವನದಲ್ಲಿ ಇರುವ ವಸ್ತುಗಳಿಗೇ ಸರಿಯಾಗಿ ಪತ್ರಗಳಿಲ್ಲ, ಆದರೂ ಇಲ್ಲದ ಚರ್ಮಕ್ಕೆ ನಾಲ್ಕೇ ದಿನದಲ್ಲಿ ಪತ್ರ ತಂದೆ. ನಾಲ್ಕನೆಯ ಸಲ ಪೆಟ್ಟಿಗೆಯ ಮರಕ್ಕೆ ಹುಳು ಸಾಯಿಸುವ ಚಿಕಿತ್ಸೆ ಆಗಿಲ್ಲವೆಂದರು, ಪೆಟ್ಟಿಗೆಯನ್ನೇ ಬದಲಾಯಿಸಿದೆವು. ಐದನೆಯ ಸಲಕ್ಕೆ ನಮ್ಮ ಫಿಟ್ಟರ್ ಬಸಣ್ಣನೂ ಬಂದರು. ಗದಗಿನ ಕಡೆಯವರು, ಯಂತ್ರದ ಏಟುಗಳನ್ನು ತಾಳಕ್ಕೆ ಹೊಂದಿಸುವವರು ಅವರೇ. ಅವತ್ತು ಅಧಿಕಾರಿಗಳ ಕಣ್ಣು ಗಂಟೆಗಳ ಮೇಲೆ ಬಿತ್ತು. ಪುರಾತನ ವಸ್ತುಗಳನ್ನು ದೇಶದ ಹೊರಗೆ ಸಾಗಿಸುವ ಹಾಗಿಲ್ಲ, ಇವು ಹಳೆಯವಲ್ಲ ಎನ್ನುವುದಕ್ಕೆ ಆಧಾರ ಏನು ಎಂದು ಕೇಳಿದರು.

"ಸಾಹೇಬ್ರ, ಇವು ಹೋದ ತಿಂಗಳ ಹುಟ್ಟಿದ್ವು. ಇನ್ನೂ ತೊಟ್ಲಾಗ ಹಾಕಿಲ್ರಿ" ಎಂದರು ಬಸಣ್ಣ.

ಅಧಿಕಾರಿ ನಗಲಿಲ್ಲ. ನಾನೂ ನಗಲಿಲ್ಲ. ಗುಡಿಯ ಗಂಟೆಗಳನ್ನು ಕದ್ದು ಸಾಗಿಸುವವರು ಇರುವವರೆಗೆ ಅವರು ಕೇಳಿದ್ದು ನ್ಯಾಯವೇ. ಗಂಟೆಗಳ ಎಳೆಯ ವಯಸ್ಸಿಗೆ ಪ್ರಮಾಣಪತ್ರ ತರುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಆರನೆಯ ಸಲ ಹೋದರೆ ಅಧಿಕಾರಿ ರಜೆಯಲ್ಲಿದ್ದರು. ಈ ನಡುವೆ ಷಣ್ಮುಗಂ ಆರು ಸಲ ಫೋನ್ ಮಾಡಿದ್ದರು. ಒಂದು ಸಲವೂ ಬೈಯಲಿಲ್ಲ. "ಹೊರಟಿತಾ ಅಮ್ಮಾ?" ಎನ್ನುತ್ತಿದ್ದರು, ಇನ್ನೂ ಇಲ್ಲ ಎಂದರೆ "ಸರಿ ಅಮ್ಮಾ" ಎಂದು ಇಟ್ಟುಬಿಡುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಏಳನೆಯ ಸಲ ಹೋದದ್ದು ಶುಕ್ರವಾರ. ಸಂಜೆ ಐದಕ್ಕೆ ರೈಲು. ಅದು ತಪ್ಪಿದರೆ ಮುಂದಿನ ಹಡಗು ಲಂಕೆ ಮುಟ್ಟುವಷ್ಟರಲ್ಲಿ ಕುಂಭಾಭಿಷೇಕ ಮುಗಿದಿರುತ್ತದೆ. ಬಸಣ್ಣ ಪೆಟ್ಟಿಗೆಯ ಮುಂಭಾಗ ಬಿಚ್ಚಿ ಯಂತ್ರವನ್ನು ತೋರಿಸಿದರು. ಅಧಿಕಾರಿ ಎಲ್ಲ ಪತ್ರಗಳನ್ನೂ ತಿರುವಿದರು. "ಎಲ್ಲ ಸರಿ ಇದೆ. ಆದ್ರೆ ಇದನ್ನ ಯಾವುದರ ಕೆಳಗೆ ಸೇರಿಸ್ಲಿ? ನೀವು ವಾದ್ಯ ಅಂತ ಬರ್ದಿದೀರ. ನುಡಿಸೋರೇ ಇಲ್ದಿದ್ರೆ ಅದು ವಾದ್ಯ ಹೇಗಾಗುತ್ತೆ? ಮಷೀನ್ ಅಂತ ತಿದ್ಕೊಂಡು ಸೋಮವಾರ ಬನ್ನಿ."

"ಸೋಮವಾರ ಬರಲ್ಲ ಸಾರ್. ಇದು ದೇವರ ಮುಂದೆ ಬಾರಿಸೋ ನಗಾರಿ. ಬೇರೆ ಏನೂ ಅಲ್ಲ."

"ಎಲ್ಲಿ, ಹಾಕಿ. ನೋಡೇಬಿಡೋಣ."

ಬಸಣ್ಣ ನನ್ನ ಮುಖ ನೋಡಿದರು. ಹನ್ನೊಂದು ನಿಮಿಷದ ವಿಷಯವನ್ನು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮರೆತೆ ಎಂದು ಬರೆಯೋಣವೆಂದರೆ ಡೈರಿ ಒಪ್ಪುತ್ತಿಲ್ಲ. ಬಸಣ್ಣನಿಗೆ ಕಣ್ಣಲ್ಲೇ ಹೂಂ ಎಂದೆ. ಅವರು ಗುಂಡಿ ಒತ್ತಿದರು.

ನಮ್ಮ ಸಣ್ಣ ಶೆಡ್ಡಿನಲ್ಲಿ ಸಾವಿರ ಸಲ ಕೇಳಿದ ಸದ್ದು ಅದು. ಆದರೆ ಆ ಎತ್ತರದ ತಗಡಿನ ಮಾಡಿನ ಕೆಳಗೆ ಅದು ಬೇರೆಯೇ ಆಗಿಬಿಟ್ಟಿತು. ನಗಾರಿಯ ಏಟಿಗೆ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಮೂಟೆ ಹೊತ್ತಿದ್ದ ಹಮಾಲಿಯೊಬ್ಬ ಮೂಟೆ ಇಳಿಸಿ ಚಪ್ಪಲಿ ಬಿಟ್ಟ. ಅವನನ್ನು ನೋಡಿ ಇನ್ನೊಬ್ಬ ಬಿಟ್ಟ. ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಸಲೀಂಭಾಯಿ ಎಂಜಿನ್ ಆರಿಸಿ ಕೆಳಗಿಳಿದು, ಕೈಕಟ್ಟಿ ನಿಂತರು. ಮೂರನೆಯ ನಿಮಿಷದಲ್ಲಿ ಅಧಿಕಾರಿ, "ಸಾಕು, ನಿಲ್ಸಿ" ಎಂದು ಕೂಗಿದರು.

"ನಿಲ್ಲಸೂದು ಯಾಕ್ರಿ ಸಾಹೇಬ್ರ? ಆರತಿ ಮುಗೀಲಿ ತಡೀರಿ" ಎಂದು ಬಸಣ್ಣನೂ ಕೂಗಿದರು.

ಅಧಿಕಾರಿ ತಾವೇ ಹೋಗಿ ಪ್ಲಗ್ ಕಿತ್ತರು. ಬ್ಯಾಟರಿ ಹಿಡಿದುಕೊಂಡಿತು. ಪ್ಲಗ್ ಕೈಯಲ್ಲಿ ಹಿಡಿದು ಅವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು. ಐದನೆಯ ನಿಮಿಷಕ್ಕೆ ಕುರ್ಚಿಗೆ ಬಂದು ಕುಳಿತರು. ಸುತ್ತ ಎಲ್ಲರೂ ನಿಂತಿದ್ದರಿಂದಲೋ ಏನೋ, ಆರನೆಯ ನಿಮಿಷಕ್ಕೆ ಎದ್ದರು. ಎಂಟನೆಯ ನಿಮಿಷಕ್ಕೆ ಅವರ ಕೈ ಅವರನ್ನು ಕೇಳದೆ ಮೇಲೇರಿ ಎರಡೂ ಕೆನ್ನೆ ತಟ್ಟಿಕೊಂಡಿತು. ಗಡಿಯಾರ ನೋಡಿಕೊಂಡು ಇಷ್ಟೆಲ್ಲ ಬರೆದುಕೊಳ್ಳುತ್ತಿದ್ದವಳು ನಾನೊಬ್ಬಳೇ. ಯಂತ್ರ ನಿಂತ ಮೇಲೆ ಯಾರೋ ಅಭ್ಯಾಸಬಲದಿಂದ ತೀರ್ಥಕ್ಕೆ ಕೈಯೊಡ್ಡಿ, ನಾಚಿ, ಹಿಂದಕ್ಕೆ ತೆಗೆದುಕೊಂಡರು.

"ನಿಲ್ಸೋಕೆ ಗುಂಡೀನೇ ಇಲ್ಲದ ಮಷೀನನ್ನ ಹೇಗಮ್ಮ ಬಿಡ್ಲಿ ನಾನು?" ಎಂದರು ಅಧಿಕಾರಿ. ದನಿ ಮೊದಲಿನಷ್ಟು ಗಡುಸಾಗಿರಲಿಲ್ಲ.

"ಅದಕ್ಕೇ ಸಾರ್ ಹೇಳಿದ್ದು, ಇದು ಮಷೀನ್ ಅಲ್ಲ ಅಂತ. ಮಷೀನ್ ಆಗಿದ್ರೆ ನೀವು ಎದ್ದು ನಿಲ್ತಿರ್ಲಿಲ್ಲ."

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರು ತಮ್ಮ ಕಾಲ ಕಡೆ ನೋಡಿಕೊಂಡರು. ಬೂಟು ಬಿಟ್ಟು ಬರೀ ಕಾಲುಚೀಲದಲ್ಲಿ ನಿಂತಿದ್ದರು. ಯಾವ ನಿಮಿಷದಲ್ಲಿ ಬಿಟ್ಟರೋ, ಅದೊಂದು ನನ್ನ ಲೆಕ್ಕದಿಂದ ತಪ್ಪಿಹೋಗಿದೆ. ಬೂಟು ಹಾಕಿಕೊಂಡು, ಪೆನ್ನು ತೆಗೆದು, 'ನಗಾರಿ ಮತ್ತು ಗಂಟೆ, ಪೂಜೆಯ ವಾದ್ಯ' ಎಂದು ಬರೆದು ಸಹಿ ಮಾಡಿದರು. ನಾಲ್ಕೂ ನಲವತ್ತಕ್ಕೆ ಸೀಲು ಬಿತ್ತು. ಮೆಟ್ರೊದಲ್ಲಿ ಬಸಣ್ಣ, "ಅಕ್ಕಾರ, ನಿಮ್ಮ ಬಾಯಿಗೂ ಗುಂಡಿ ಇಲ್ಲ ಬಿಡ್ರಿ" ಎಂದರು. ಹೊಗಳಿಕೆ ಎಂದೇ ಬರೆದುಕೊಂಡಿದ್ದೇನೆ.

ಕುಂಭಾಭಿಷೇಕದ ಮರುದಿನ ಷಣ್ಮುಗಂ ಅವರ ಫೋನು ಬಂತು. ಯಂತ್ರ ಎರಡು ದಿನ ಮುಂಚೆಯೇ ಬೆಟ್ಟ ಹತ್ತಿತ್ತು. ಗೆದ್ದೆ ಅಂದುಕೊಂಡು, "ಹೇಗೆ ಬಾರಿಸಿತು ಅಯ್ಯಾ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನಕ್ಕರು. ಭಾರತದಿಂದ ನಗಾರಿ ಯಂತ್ರ ಬಂದ ಸುದ್ದಿ ಪೇಟೆಯ ಬಟ್ಟೆ ಕಾರ್ಖಾನೆ ಮುಟ್ಟಿತಂತೆ. ಬಾರಿಸುವ ಮನೆಯ ಮಕ್ಕಳು ಒಂಬತ್ತು ಜನ, ರಜೆ ಹಾಕಿ, ಕೆರಳಿ ಕೆಂಡವಾಗಿ ಬೆಟ್ಟ ಹತ್ತಿದರಂತೆ. ನಾವು ಬದುಕಿರುವಾಗಲೇ ನಮ್ಮ ದೇವರಿಗೆ ಮೋಟಾರು ತರಿಸಿದಿರಾ ಎಂದು ಷಣ್ಮುಗಂ ಅವರ ಜೊತೆ ಜಗಳವಾಡಿ, ಅಟ್ಟದ ಮೇಲಿದ್ದ ತಾತನ ಕಾಲದ ನಗಾರಿಗಳನ್ನು ಇಳಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಸರದಿಯ ಮೇಲೆ ಬಾರಿಸಿದರಂತೆ. ಕೆಳಗಿನ ಮೂರು ತೋಟದವರು ಸದ್ದು ಕೇಳಿ ಬಂದರಂತೆ. ನಮ್ಮ ಯಂತ್ರವನ್ನು ಗರ್ಭಗುಡಿಯ ಪಕ್ಕ ನಿಲ್ಲಿಸಿ, ಹೂವಿನ ಹಾರ ಹಾಕಿ, ಬಟ್ಟೆ ಹೊದಿಸಿದ್ದಾರೆ. ಹುಡುಗರು ಇನ್ನು ಪ್ರತಿ ಶುಕ್ರವಾರ ಬರುತ್ತೇವೆ ಎಂದಿದ್ದಾರೆ. ಅವರು ತಪ್ಪಿಸಿಕೊಂಡ ದಿನ ಬಟ್ಟೆ ತೆಗೆದು ಗುಂಡಿ ಒತ್ತುವುದೆಂದು ತೀರ್ಮಾನವಾಗಿದೆ. "ಅವರಿಗೆ ಆ ಭಯ ಇರಲಿ ಅಮ್ಮಾ" ಎಂದರು.

ಫೋನಿಟ್ಟು ಡೈರಿ ತೆಗೆದೆ. ಏಳು ಸಲದ ಓಡಾಟ, ಹುಳುವಿಲ್ಲದ ಮರ, ಇಲ್ಲದ ಚರ್ಮ, ಎಳೆಯ ಗಂಟೆ, ಇಷ್ಟೆಲ್ಲ ಆಗಿ ಲಂಕೆಯಲ್ಲಿ ನಮ್ಮ ನಗಾರಿ ಬಾರಿಸಿದ್ದು ಸೊನ್ನೆ ನಿಮಿಷ. ಅಷ್ಟರಲ್ಲಿ ಯಜಮಾನರು ಬಂದು, "ಏನಮ್ಮ, ಫೋನ್ ಬಂತಂತೆ? ಮಾಲು ಚೆನ್ನಾಗಿ ಕೆಲ್ಸ ಮಾಡ್ತಂತಾ?" ಎಂದು ಕೇಳಿದರು.

"ಸಕ್ಕತ್ತಾಗಿ ಮಾಡಿದೆ ಸಾರ್. ಕೆಳಗಿನ ಮೂರು ತೋಟಕ್ಕೂ ಕೇಳಿಸ್ತಂತೆ."

ಅವರು ಮೀಸೆಯಲ್ಲೇ ನಕ್ಕು, ಈ ವಿಷಯವನ್ನು ಬಸಣ್ಣನಿಗೆ ಹೇಳಲು ಹೋದರು. ಇದರಲ್ಲಿ ಸುಳ್ಳು ಎಲ್ಲಿದೆಯೆಂದು ಯಾರಾದರೂ ತೋರಿಸಲಿ. ಬೇಕಾದರೆ ಚರ್ಮದ ಹಾಗೆ, ಸುಳ್ಳು ಇಲ್ಲ ಅಂತಲೂ ಪತ್ರ ತಂದುಕೊಡುತ್ತೇನೆ.