ಹರಳೆಣ್ಣೆ ಕುಡಿದ ಎಂಜಿನ್ನು

ಅರವತ್ತೆರಡನೇ ಇಸವಿಯಲ್ಲಿ ಇಡೀ ಬಾಗಲಗುಂಟೆಗೆ ಎಂಜಿನ್ ಕಟ್ಟಿದ ಸೈಕಲ್ಲು ಅಂತ ಇದ್ದದ್ದು ನನ್ನೊಬ್ಬನ ಹತ್ತಿರ. ಆ ಎಂಜಿನ್ನಿನ ಶಕ್ತಿಯನ್ನು ಇಮ್ಮಡಿ ಮಾಡಿ ವಿಜ್ಞಾನದ ಚರಿತ್ರೆಯಲ್ಲಿ ನನ್ನದೂ ಒಂದು ಸಾಲು ಬರೆಸಿಬಿಡುವುದೆಂದು ನಾನು ತೀರ್ಮಾನಿಸಿದೆ. ಜಾಲಹಳ್ಳಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನನಗೆ ಯಂತ್ರಗಳ ಜ್ಞಾನ ಸಹಜವಾಗಿಯೇ ಬಂದಿತ್ತು. ಯಂತ್ರದ ಹತ್ತಿರ ಹೋಗುವವರೆಲ್ಲ ನನ್ನ ಕಿಟಕಿಯ ಮುಂದೆಯೇ ತಾನೆ ಹಾದುಹೋಗಬೇಕು?

ಎಂಜಿನ್ನೆಂದರೆ ಸುಲಿದ ತೆಂಗಿನಕಾಯಿಯ ಗಾತ್ರದ್ದು. ಹಿಂದಿನ ಚಕ್ರದ ಪಕ್ಕಕ್ಕೆ ಅಂಟಿಕೊಂಡಿತ್ತು. ಪೆಡಲ್ ತುಳಿದು ಒಂದಷ್ಟು ದೂರ ಓಡಿಸಿದರೆ ಕೆಮ್ಮಿ, ಕ್ಯಾಕರಿಸಿ, ಎಚ್ಚರವಾಗುತ್ತಿತ್ತು. ಅದಕ್ಕೆ ಒಂದು ಕುದುರೆಯ ಶಕ್ತಿ ಇದೆ ಎಂದು ಮಾರಿದವರು ಹೇಳಿದ್ದರು. ಇದ್ದಿರಬಹುದು. ಆದರೆ ಏರು ಕಂಡ ಕೂಡಲೇ ಆ ಕುದುರೆ ರಜೆ ಹಾಕುತ್ತಿತ್ತು. ಅಲ್ಲಿಂದ ಮುಂದೆ ಸೈಕಲ್ಲನ್ನೂ ಎಂಜಿನ್ನನ್ನೂ ಸೇರಿಸಿ ತಳ್ಳುವ ಕತ್ತೆಯ ಶಕ್ತಿ ನನ್ನದು.

ಇದನ್ನು ಊರೆಲ್ಲ ಸಹಿಸಿಕೊಂಡಿತ್ತು. ಸಹಿಸದವನು ನನ್ನ ಹೆಂಡತಿ ಗೌರಮ್ಮನ ತಮ್ಮ ಲಕ್ಕಣ್ಣ ಒಬ್ಬನೇ. ಅಟ್ಟೂರಿನಲ್ಲಿ ಹೊಲ, ದ್ರಾಕ್ಷಿ ತೋಟ, ಜೋಡೆತ್ತಿನ ಗಾಡಿ ಇದ್ದ ಮನುಷ್ಯ. ಮಗನ ನಾಮಕರಣಕ್ಕೆ ಕರೆಯಲು ಬಂದವನು ಮೊದಲು ನನ್ನ ಸೈಕಲ್ಲಿಗೆ ಒಂದು ಪ್ರದಕ್ಷಿಣೆ ಹಾಕಿದ. ಆಮೇಲೆ ಒಳಗೆ ಬಂದು ಕೂತ.

"ಅಕ್ಕ, ಎಸ್ರು ಇಡೋಳು ನೀನೇ. ಸೋದರತ್ತೆ ಬಾಯಿಂದ ಬಂದ ಎಸ್ರೇ ಕಾಯಂ. ಸುಕ್ರವಾರ ಅತ್ತೂವರೆಗೆ ರಾವುಕಾಲ ಬತ್ತದೆ, ಅದರೊಳಗೆ ಆಗ್ಬೇಕು. ಗಾಡಿ ಕಳಿಸ್ಲಾ?"

"ಗಾಡಿ ಯಾಕಯ್ಯ? ನಾನೇ ಕೂರಿಸ್ಕೊಂಡು ಬರ್ತೀನಿ," ಎಂದೆ.

"ತೆಪ್ಪು ತಿಳ್ಕೋಬ್ಯಾಡಿ ಭಾವ. ಏರು ಬಂದ್ರೆ ನನ್ ಎತ್ತು ಗಾಡಿ ಎಳೀತವೆ. ನಿಮ್ ಗಾಡಿಗೆ ಏರು ಬಂದ್ರೆ ನೀವೇ ಎತ್ತು."

ಗೌರಮ್ಮ ನಕ್ಕಳು. ತವರಿನವರು ಗಂಡನನ್ನು ಹಂಗಿಸುವಾಗ ಹೆಂಡತಿ ನಗಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲವಂತೆ. ಆಮೇಲೆ ಅವಳನ್ನೇ ಕೇಳಿ ತಿಳಿದುಕೊಂಡೆ.

ಮಾರನೆಯ ದಿನವೇ ಎಂಜಿನ್ನಿನ ಉದ್ಧಾರಕ್ಕೆ ಕೈ ಹಾಕಿದೆ. ನನಗೆ ಗುರುವಾಗಿ ದೊರೆತವನು ಆಫೀಸಿನ ಪಕ್ಕದ ಮೇಜಿನ ಕೃಷ್ಣಯ್ಯ. ಅವನಿಗೆ ಯಾವ ವಾಹನವೂ ಇರಲಿಲ್ಲ. ಹಾಗಾಗಿ ಎಲ್ಲ ವಾಹನಗಳ ಬಗೆಗೂ ಅಭಿಪ್ರಾಯವಿತ್ತು.

"ಸೈಲೆನ್ಸರ್ ಒಳಗೆ ಮಸಿ ಕಟ್ಕೊಂಡಿರುತ್ತೆ ಗುರು. ಕಾಸ್ಟಿಕ್ ಸೋಡಾ ಹಾಕಿ ಕುದಿಸು. ಎಂಜಿನ್‌ಗೆ ಉಸಿರಾಟ ಸಲೀಸಾಗುತ್ತೆ," ಎಂದ.

ಕುದಿಸಿದೆ, ಗೌರಮ್ಮನ ಅಲ್ಯೂಮಿನಿಯಂ ಪಾತ್ರೆಯಲ್ಲಿ. ಕಾಸ್ಟಿಕ್ ಸೋಡಾ ಮಸಿಯನ್ನು ಮಾತ್ರವಲ್ಲ, ಅಲ್ಯೂಮಿನಿಯಮ್ಮನ್ನೂ ಅಷ್ಟೇ ರುಚಿಯಾಗಿ ತಿನ್ನುತ್ತದೆ ಎಂದು ಗುರುಗಳು ಉಪದೇಶಿಸಿರಲಿಲ್ಲ. ಸಂಜೆ ಗೌರಮ್ಮ ಹಿತ್ತಲಿಗೆ ಬಂದಳು.

"ರೀ, ನನ್ ಪಾತ್ರೆ ಎಲ್ಲಿ?"

"ಕ್ಲೀನಾಗಿದೆ."

"ತಳಾನೇ ಕಾಣ್ತಿಲ್ಲವಲ್ರೀ."

"ಅಷ್ಟು ಕ್ಲೀನಾಗಿದೆ."

ಎರಡನೆಯ ಹಂತ, ಭಾರ ಇಳಿಸುವುದು. ಬೇಡದ ಭಾಗಗಳನ್ನೆಲ್ಲ ಕಿತ್ತು ಗೋಣಿಚೀಲಕ್ಕೆ ತುಂಬಿದೆ. ಸದ್ದು ತಡೆಯಲು ಸೈಲೆನ್ಸರಿನೊಳಗಿದ್ದ ತೂತುತಗಡು ಹೋಯಿತು. ಎಂಜಿನ್ ನಿಲ್ಲಿಸಲೆಂದು ಹ್ಯಾಂಡಲಿನ ಮೇಲೆ ಒಂದು ಲಿವರ್ ಇತ್ತು, ಅದನ್ನೂ ಕಿತ್ತೆ. ಅದನ್ನು ನಾನು ಎಂದೂ ಮುಟ್ಟಿದವನಲ್ಲ. ನನ್ನ ಎಂಜಿನ್ನು ಯಾವಾಗಲೂ ಸ್ವಂತ ಇಚ್ಛೆಯಿಂದಲೇ ನಿಲ್ಲುತ್ತಿತ್ತು.

ಮೂರನೆಯದು ಎಣ್ಣೆ. ಈ ಜಾತಿಯ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಕೊಡಬೇಕು. "ರೇಸ್ ಗಾಡಿಗಳಿಗೆಲ್ಲ ಹರಳೆಣ್ಣೆನೇ ಗುರು," ಎಂದ ಕೃಷ್ಣಯ್ಯ. ಎಷ್ಟು ಹಾಕಬೇಕೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳ್ಳೆಯದನ್ನು ಅಳೆದು ಕೊಡುವುದು ಜಿಪುಣರ ಲಕ್ಷಣ.

"ಹರಳೆಣ್ಣೆ ಬಾಟ್ಲು ಯಾಕ್ರೀ ಖಾಲಿ?"

"ಎಂಜಿನ್‌ಗೆ ಕುಡಿಸ್ದೆ."

"ಅದಕ್ಕೂ ಮಲಬದ್ಧತೆನಾ?"

"ಮೋಷನ್ ಚೆನ್ನಾಗಿ ಬರ್ಲಿ ಅಂತ ಕಣೇ."

ಬಂತು. ಜಾಲಹಳ್ಳಿ ಕಡೆಯ ಏರನ್ನು ನನ್ನ ಸೈಕಲ್ಲು ಒಂದು ಪೆಡಲನ್ನೂ ಕೇಳದೆ ಹತ್ತಿತು. ಹಿಂದೆ ಬಿಳಿಯ ಹೊಗೆ, ಮುಂದೆ ನಾನು. ಮದ್ದಿನ ಮನೆಗೆ ಬೆಂಕಿ ಬಿದ್ದಂಥ ಸದ್ದು. ಊರಿಗೆ ಮರಳಿದಾಗ ಎದುರುಮನೆಯ ಮುನಿವೆಂಕಟಮ್ಮ ಬೀದಿಯಲ್ಲೇ ನಿಂತಿದ್ದಳು.

"ಎಮ್ಮೆ ಎದ್ರಿಕೊಂಡು ಆಲೇ ಕೊಡ್ತಿಲ್ಲ ಕಣಪ್ಪ. ಅದೇನು ನಿನ್ ಗಾಡಿನೋ, ಗುಡುಗೋ?"

ನಾನು ಇದನ್ನು ಪ್ರಶಂಸೆ ಎಂದು ಸ್ವೀಕರಿಸಿದೆ.

ಶುಕ್ರವಾರ ಬೆಳಗ್ಗೆ ಗೌರಮ್ಮ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಮಗುವಿಗೆಂದು ಬೆಳ್ಳಿ ಉಡಿದಾರ ಇಟ್ಟುಕೊಂಡು ಕ್ಯಾರಿಯರಿನ ಮೇಲೆ ಕೂತಳು. ಮಗುವಿಗೆ ಯಾವ ಹೆಸರು ಎಂದು ಕೇಳಿದೆ. "ರಂಗನಾಥ," ಎಂದಳು ಮೆಲ್ಲಗೆ. ನಮಗೆ ಮಕ್ಕಳಿರಲಿಲ್ಲ. ಆ ಹೆಸರನ್ನು ಅವಳು ಮದುವೆಯಾದಾಗಿನಿಂದ ಜೋಪಾನ ಮಾಡಿಕೊಂಡು ಬಂದಿದ್ದಳೆಂದು ನನಗೆ ಗೊತ್ತಿತ್ತು. ನಾನು ಪೆಡಲ್ ತುಳಿದೆ.

ದಾರಿಯುದ್ದಕ್ಕೂ ಎಂಜಿನ್ನು ರಾಜಗಾಂಭೀರ್ಯದಿಂದ ಗರ್ಜಿಸಿತು. ಇಷ್ಟು ಬೇಗ ಅಟ್ಟೂರು ಬರುತ್ತದೆಂದು ಅಟ್ಟೂರಿಗೇ ಗೊತ್ತಿರಲಿಲ್ಲ. ದೂರದಲ್ಲಿ ಚಪ್ಪರ ಕಂಡಿತು. ವೇಗ ಇಳಿಸೋಣವೆಂದು ಹಿಡಿ ತಿರುಗಿಸಿದೆ. ತಿರುಗಲಿಲ್ಲ. ಕಾದು ಕಾದು ಹರಳೆಣ್ಣೆ ಒಳಗೆಲ್ಲ ಅಂಟಿನಂತೆ ಗಟ್ಟಿಯಾಗಿ, ಎಂಜಿನ್ನು ಪೂರ್ತಿ ವೇಗದಲ್ಲೇ ಕಚ್ಚಿಕೊಂಡಿತ್ತು. ಬ್ರೇಕು ಹಿಡಿದೆ. ಅದು ಬರಿಯ ಸೈಕಲ್ಲಿನ ಬ್ರೇಕು, ಒಂದು ಸಲ ಕಿರುಚಿ ಸುಮ್ಮನಾಯಿತು. ನಿಲ್ಲಿಸುವ ಲಿವರ್ ಬಾಗಲಗುಂಟೆಯ ಗೋಣಿಚೀಲದಲ್ಲಿ ಸುಖವಾಗಿತ್ತು. ಪೆಟ್ರೋಲಿನ ತಿರುಪು ಮುಚ್ಚಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನಗೂ ಅದು ಹೊಳೆಯಿತು, ಮುಂದಿನ ವಾರ.

ಚಪ್ಪರದ ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಲಕ್ಕಣ್ಣ "ಬನ್ನಿ ಭಾವ" ಎಂದದ್ದು ಕೇಳಿಸಿತು. ಮುಂದಿನದೆಲ್ಲ ಹೊಗೆಯಲ್ಲಿ ಹೋಯಿತು.

"ರೀ, ಮನೆ ಹಿಂದೆ ಹೋಯ್ತು."

"ಗೊತ್ತು."

"ಗೊತ್ತಿದ್ರೆ ನಿಲ್ಸಿ."

"ನಿಲ್ತಿಲ್ಲ ಕಣೇ."

"ಇಷ್ಟು ದಿನ ಬೇಡ ಅಂದ್ರೂ ನಿಲ್ತಿತ್ತಲ್ರೀ?"

"ಈಗ ಸುಧಾರಿಸಿದೆ."

ಗೌರಮ್ಮ ಏನೋ ಅಂದಳು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಅಟ್ಟೂರಿನ ಬೀದಿ ಊರನ್ನು ಒಂದು ಸುತ್ತು ಬಳಸಿ ಮತ್ತೆ ಅದೇ ಚಪ್ಪರದ ಮುಂದೆ ಬರುತ್ತದೆ. ಕೋಳಿಗಳನ್ನು ಚದುರಿಸಿ, ಯಾರದೋ ರಾಗಿ ಒಣಹಾಕಿದ್ದ ಚಾಪೆಯ ಮೇಲೆ ಹಾದು ನಾವೂ ಬಂದೆವು. ಅಷ್ಟರಲ್ಲಿ ರಾಹುಕಾಲ ಹತ್ತಿರವಾಗಿತ್ತು. ಜೋಯಿಸರು ತೊಟ್ಟಿಲ ಹತ್ತಿರದಿಂದ ಎದ್ದು ಬಾಗಿಲಿಗೇ ಬಂದಿದ್ದರು. ಲಕ್ಕಣ್ಣ ಪಂಚೆ ಎತ್ತಿ ಕಟ್ಟಿ, ನಮ್ಮ ಪಕ್ಕದಲ್ಲೇ ಓಡುತ್ತಾ ಕೂಗಿದ.

"ಅಕ್ಕ, ಒತ್ತಾಯ್ತು. ಅಲ್ಲಿಂದ್ಲೇ ಎಸ್ರು ಏಳ್ಬುಡಕ್ಕ."

ಗೌರಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನನ್ನಿಂದ ಏನೂ ಆಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಅವಳು ಅರ್ಜಿಯನ್ನು ನೇರವಾಗಿ ಮೇಲಿನವನಿಗೇ ಹಾಕಿಕೊಂಡಿದ್ದಳು.

"ಮುನೇಶ್ವರಾ, ನೀನಾದ್ರೂ ನಿಲ್ಸಪ್ಪಾ!"

ಲಕ್ಕಣ್ಣ ಅಲ್ಲೇ ನಿಂತು, ಚಪ್ಪರದ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ್ದು ಮಾತ್ರ ನಮಗೆ ಸ್ಪಷ್ಟವಾಗಿ ಕೇಳಿಸಿತು.

"ನೀಲಪ್ಪ ಅಂತೆ ಜೋಯಿಸ್ರೇ, ನೀಲಪ್ಪ!"

ಮುನೇಶ್ವರ ಕೈಬಿಡಲಿಲ್ಲ. ಮುಂದಿನ ತಿರುವಿನಲ್ಲಿ ಒಂದು ಹುಲ್ಲಿನ ಮೆದೆಯನ್ನು ಇಟ್ಟಿದ್ದ. ನಾವು ಅದರೊಳಗೆ ಹೊಕ್ಕೆವು. ಎಂಜಿನ್ನು ಒಂದೆರಡು ಸಲ ಬಿಕ್ಕಿ ಸುಮ್ಮನಾಯಿತು. ಗೌರಮ್ಮ ಮೊದಲು ಮಡಿಲು ಮುಟ್ಟಿ ಉಡಿದಾರ ಇದೆಯೇ ಎಂದು ನೋಡಿಕೊಂಡಳು. ಆಮೇಲೆ ತಲೆಯ ಹುಲ್ಲನ್ನೂ ತೆಗೆಯದೆ ಚಪ್ಪರದ ಕಡೆ ಓಡಿದಳು. ನಾನು ಕುಂಟುತ್ತಾ ಹೋಗುವ ಹೊತ್ತಿಗೆ ತೊಟ್ಟಿಲು ತೂಗುತ್ತಿತ್ತು, ಹೆಂಗಸರು "ನೀಲಪ್ಪ, ನೀಲಪ್ಪ" ಎನ್ನುತ್ತಿದ್ದರು. ನೀಲಕಂಠನ ಹೆಸರು, ಬಹಳ ಶ್ರೇಷ್ಠ ಎಂದು ಜೋಯಿಸರು ವಿವರಿಸುತ್ತಿದ್ದರು. ಬಾಣಂತಿಯ ಮುಖ ಅರಳಿತ್ತು.

ಗೌರಮ್ಮ ತೊಟ್ಟಿಲ ಮೇಲೆ ಬಗ್ಗಿ ನಿಂತಿದ್ದಳು. ಈಗಲೂ ಬಾಯಿಬಿಟ್ಟು ಹೇಳಬಹುದಿತ್ತು. ಮಗು ಅವಳ ಬೆರಳು ಹಿಡಿದುಕೊಂಡು ಬಿಡಲಿಲ್ಲ. ಅವಳು ಒಂದು ಗಳಿಗೆ ಅದನ್ನೇ ನೋಡಿದಳು. "ಹೂಂ, ನೀಲಪ್ಪ," ಎಂದು ಉಡಿದಾರ ಕಟ್ಟಿದಳು.

ಸಂಜೆ ಲಕ್ಕಣ್ಣನ ಎತ್ತಿನ ಗಾಡಿಯಲ್ಲಿ ಹೊರಟೆವು. ಸೈಕಲ್ಲು ನಮ್ಮ ಹಿಂದೆ ಗಾಡಿಯ ಹುಲ್ಲಿನ ಮೇಲೆ ಅಂಗಾತ ಮಲಗಿತ್ತು. ಏರುಗಳೆಲ್ಲ ಏರುಗಳೇ ಅಲ್ಲವೆಂಬಂತೆ ಎತ್ತುಗಳು ನಡೆದವು. ಗಾಡಿ ಹೊಡೆಯುತ್ತಿದ್ದ ಲಕ್ಕಣ್ಣ ಏರು ಬಂದಾಗಲೆಲ್ಲ ಎತ್ತುಗಳ ಬೆನ್ನು ಸವರಿದ. ಬಾಯಿಂದಲೇ ಹಂಗಿಸಿದ್ದರೆ ಚೆನ್ನಾಗಿತ್ತು.

ನಾನು ಗೌರಮ್ಮನ ತಲೆಯಲ್ಲಿ ಉಳಿದಿದ್ದ ಒಂದು ಹುಲ್ಲುಕಡ್ಡಿ ತೆಗೆದು ಕೇಳಿದೆ. "ರಂಗನಾಥ ಹೋಯ್ತಲ್ಲೇ. ಬೇಜಾರಾ?"

"ಇರ್ಲಿ ಬಿಡಿ," ಎಂದಳು ಗೌರಮ್ಮ. "ದೇವರು ದೊಡ್ಡೋನು. ಎರಡನೇ ಸುತ್ತಲ್ಲಿ ದೇವರನ್ನ ಕರ್ದಿದ್ದು ಅವರಿಗೆ ಕೇಳಿಸ್ತು. ಮೊದಲನೇ ಸುತ್ತಲ್ಲಿ ನಿಮ್ಮನ್ನ ಕರ್ದಿದ್ದು ಕೇಳಿಸಿದ್ರೆ ಆ ಕೂಸಿನ ಗತಿ ಏನಾಗ್ತಿತ್ತು?"

"ಏನಂತ ಕರ್ದೆ?"

ಗೌರಮ್ಮ ತಮ್ಮನ ಬೆನ್ನನ್ನೊಮ್ಮೆ ನೋಡಿದಳು. ಸೆರಗು ಅಡ್ಡ ಹಿಡಿದು, ನನ್ನ ಕಿವಿಯ ಹತ್ತಿರ ಬಗ್ಗಿ, ಶಾಸ್ತ್ರೋಕ್ತವಾಗಿ ಮೂರು ಸಲ ಹೇಳಿದಳು.