ಬೆನ್ನು ತೋರಿಸದ ನಾಯಕಿ

ನಮ್ಮ ಚಿಕ್ಕಮ್ಮ ಮಂಗಳೂರಿಗೆ ಬಂದ ಟಾಕಿ ಸಿನೆಮಾಗಳಲ್ಲಿ ಒಂದನ್ನೂ ಬಿಟ್ಟವಳಲ್ಲ. ಕೆಲವನ್ನು ಮೂರು ಸಲ ನೋಡಿದ್ದಾಳೆ, ಒಂದನ್ನಂತೂ ಐದು ಸಲ. ಆದರೆ ಅವುಗಳಲ್ಲಿ ಒಂದರ ಕಥೆಯಾದರೂ ಅವಳಿಗೆ ಗೊತ್ತಿದ್ದರೆ ನನ್ನ ಹೆಸರು ಬದಲಿಸಿ ಕರೆಯಿರಿ! ನಾಯಕಿ ಕಾಡುಪಾಲಾದಳೋ, ರಾಣಿಯಾದಳೋ, ಹೊಳೆಗೆ ಹಾರಿದಳೋ, ಅದನ್ನೆಲ್ಲ ಕಟ್ಟಿಕೊಂಡು ಚಿಕ್ಕಮ್ಮನಿಗೆ ಆಗಬೇಕಾದ್ದೇನು? ಹಾರುವಾಗ ಅವಳು ತೊಟ್ಟಿದ್ದ ರವಿಕೆಯ ಕೈ ಮೊಣಕೈಯಿಂದ ಎಷ್ಟು ಬೆರಳು ಮೇಲಿತ್ತು ಎಂದು ಕೇಳಿ ನೋಡಿ. ನಿದ್ದೆಗಣ್ಣಿನಲ್ಲೂ ಹೇಳುತ್ತಾಳೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಮದುವೆಯಾಗಿ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡು ಮಂಗಳೂರಿನ ಬಿಜೈಯ ನಮ್ಮ ಮನೆಗೇ ವಾಪಸು ಬಂದವಳು. ಬರುವಾಗ ತಂದದ್ದು ಒಂದು ಪೆಟ್ಟಿಗೆ ಮತ್ತು ಕೈಯಲ್ಲಿ ತಿರುಗಿಸುವ ಒಂದು ಹೊಲಿಗೆ ಮೆಶಿನು. ಇವಳು ಮೂಲೆಯಲ್ಲಿ ಕೂತು ಅಳುತ್ತಾಳೆಂದು ನೆರೆಹೊರೆಯವರೆಲ್ಲ ಕಾದರಂತೆ. ಮೂಲೆಯಲ್ಲಿ ಕೂತದ್ದು ಹೌದು. ಆದರೆ ಬೆಳಕು ಚೆನ್ನಾಗಿ ಬೀಳುವ ಮೂಲೆ ಆರಿಸಿ, ಮೆಶಿನಿನ ಮುಂದೆ! ವರ್ಷ ಕಳೆಯುವಷ್ಟರಲ್ಲಿ ಬಿಜೈಯ ಅರ್ಧಕ್ಕರ್ಧ ಹೆಂಗಸರ ರವಿಕೆ ಅವಳದೇ ಕೈಯದ್ದಾಯಿತು.

ಟಾಕಿ ಬರುವ ಮೊದಲು ನಮ್ಮ ಕಡೆ ರವಿಕೆ ಎಂದರೆ ರವಿಕೆ. ಎರಡು ಕೈ, ಒಂದು ಕುತ್ತಿಗೆ, ಮಾತು ಮುಗಿಯಿತು. ಟಾಕಿ ಬಂದದ್ದೇ ತಡ, ಹೆಂಗಸರ ಬೇಡಿಕೆಯೇ ಬೇರೆಯಾಯಿತು. "ಆ ರಾಣಿ ಹಾಕಿದ್ಳಲ್ಲ ಅಕ್ಕಾ, ಪುಗ್ಗೆ ಕೈಯದ್ದು, ಅಂಥಾದ್ದೇ ಬೇಕು." ಪುಗ್ಗೆ ಕೈ ಎಂದರೆ ಭುಜದ ಹತ್ತಿರ ಗಾಳಿ ತುಂಬಿದ ಬೆಲೂನಿನ ಹಾಗೆ ಉಬ್ಬಿ ನಿಲ್ಲುವ ಕೈ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!" ಎಂದು ಅಮ್ಮ ಒಳಗಿಂದಲೇ ಗೊಣಗುತ್ತಿದ್ದಳು. ಚಿಕ್ಕಮ್ಮ ಗೊಣಗಲಿಲ್ಲ. ನೋಡದೆ ಹೊಲಿಯುವುದು ಹೇಗೆ ಎಂದು ಟಾಕೀಸಿಗೆ ಹೊರಟಳು.

ಆದರೆ ಹೆಂಗಸು ಒಬ್ಬಳೇ ಟಾಕಿಗೆ ಹೋಗುವುದುಂಟೇ? ನೆರೆಯ ಹೆಂಗಸರು ಹೋಗುವುದು ಅವರವರ ಗಂಡಂದಿರ ಜೊತೆ, ಅಮ್ಮನಿಗೆ ಟಾಕಿ ಎಂದರೆ ತಲೆನೋವು. ಮನೆಯಲ್ಲಿ ಇರುವ ಮೂವರಲ್ಲಿ ಇನ್ನು ಉಳಿದವಳು ನಾನು. ಹುಡುಗಿಯರ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಟೀಚರ್, ಪ್ರಾಯ ಇಪ್ಪತ್ತು, ಆದಿತ್ಯವಾರ ರಜೆ. ಮೇಲಾಗಿ ಚಿಕ್ಕಮ್ಮನಿಗೆ ಬರೆಯಲು ಬಾರದು, ನನಗೆ ಪೆನ್ಸಿಲು ಹಿಡಿದು ನಾಲ್ಕು ಗೆರೆ ಎಳೆಯಲು ಬರುತ್ತದೆ. ಹೀಗೆ ನಾನಿದ್ದರೆ ಅವಳಿಗೆ ಟಾಕಿ, ಇಲ್ಲದಿದ್ದರೆ ಇಲ್ಲ ಎಂದಾಯಿತು. ನನಗೇನು ಕಷ್ಟ? ಅವಳಿಗೆ ನಾಯಕಿಯ ರವಿಕೆ, ನನಗೆ ನಾಯಕನ ಕ್ರಾಪು! ಅವನು ಹಣೆಯ ಮೇಲೆ ಬಿದ್ದ ಕೂದಲನ್ನು ಎರಡು ಬೆರಳಿನಿಂದ ಹಿಂದೆ ಸರಿಸುವುದನ್ನು ನೋಡಲಿಕ್ಕೆ ಬಿಜೈಯಿಂದ ಹಂಪನಕಟ್ಟೆಯ ಟಾಕೀಸಿನವರೆಗೆ ಏನು, ದೂರದ ಪಣಂಬೂರಿನವರೆಗಾದರೂ ನಡೆದೇನು.

ಹೆಂಗಸರ ಬೆಂಚುಗಳಿಗೂ ಗಂಡಸರ ಬೆಂಚುಗಳಿಗೂ ನಡುವೆ ಒಂದು ಪರದೆ. ದೀಪ ಆರಿದ ಮೇಲೆ ಅದನ್ನು ಸರಿಸುತ್ತಿದ್ದರು. ಪರದೆ ಸರಿದ ಕೂಡಲೇ ಚಿಕ್ಕಮ್ಮನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. "ಬರಿ ಮಗಾ, ಕುತ್ತಿಗೆ ಚೌಕ. ಬರಿ, ಕೈಗೆ ಎರಡು ಮಡಿಕೆ." ಕತ್ತಲೆಯಲ್ಲಿ ಗೆರೆಯ ಮೇಲೆ ಗೆರೆ ಎಳೆದು, ಮರುದಿನ ನೋಡಿದರೆ ಅದು ರವಿಕೆಯ ಕೈಯೋ ಹಲಸಿನ ಹಣ್ಣೋ ಎಂದು ನನಗೇ ತಿಳಿಯುತ್ತಿರಲಿಲ್ಲ. ಒಮ್ಮೆ ನಾಯಕಿ ಸಾಯಲು ಮಲಗಿದ್ದಳು. ಭಾಷೆ ಹಿಂದಿಯಾದರೇನು, ಸಾವು ಎಲ್ಲರಿಗೂ ತಿಳಿಯುತ್ತದಲ್ಲ! ಹೆಂಗಸರ ಕಡೆ ಸೆರಗೆಲ್ಲ ಒದ್ದೆ. ನನಗಂತೂ ಬಿಕ್ಕಳಿಕೆ. ಸಾಯುವವಳು ಕೊನೆಯ ಸಲ ಗಂಡನ ಕೆನ್ನೆ ಮುಟ್ಟಲೆಂದು ಕೈ ಎತ್ತಿದಳು ನೋಡಿ, ಚಿಕ್ಕಮ್ಮ ನನ್ನ ತೊಡೆಗೆ ಫಟ್ಟೆಂದು ಹೊಡೆದು ಕೂಗಿದಳು. "ಬೇಗ ಬರಿ, ಕಂಕುಳಲ್ಲಿ ಬೇರೆ ತುಂಡು ಕೊಟ್ಟಿದ್ದಾರೆ! ಅದಕ್ಕೇ ಬಿಗಿಯುದಿಲ್ಲ ಅದು!" ಮುಂದಿನ ಬೆಂಚಿನ ಹೆಂಗಸು ತಿರುಗಿ ನೋಡಿದ ನೋಟಕ್ಕೆ ನಾನು ಬೆಂಚಿನ ಅಡಿಗೆ ಸೇರಬೇಕಾಗಿತ್ತು.

ಚಿಕ್ಕಮ್ಮನ ನಿಜವಾದ ವೈರಿ ಬೇರೆ ಯಾರೂ ಅಲ್ಲ, ನಾಯಕಿಯ ಬೆನ್ನು. ಈ ನಾಯಕಿಯರು ಹಾಡುವುದು ಮುಂದೆ ನೋಡಿಕೊಂಡು, ಅಳುವುದು ಮುಂದೆ ನೋಡಿಕೊಂಡು. ಗಂಡನನ್ನು ಬಿಟ್ಟು ಹೋಗುವಾಗಲಾದರೂ ತಿರುಗಿಯಾರು ಎಂದರೆ ಹಿಂಬದಿಯಲ್ಲಿ ಸೆರಗು! ಹಾಗಾಗಿ ಆ ವರ್ಷ ಬಿಜೈಯ ಹೆಂಗಸರು ಮುಂದಿನಿಂದ ಬೊಂಬಾಯಿ, ಹಿಂದಿನಿಂದ ಬಿಜೈ. ಚಿಕ್ಕಮ್ಮನಿಗೆ ಇದು ಸಹಿಸಲಾರದ ಅವಮಾನ. ಅಷ್ಟರಲ್ಲಿ ಒಂದು ಟಾಕಿ ಬಂತು. ಅದರಲ್ಲಿ ನಾಯಕಿ ಬಾವಿಯಿಂದ ನೀರು ಸೇದುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ, ಒಂದೇ ಒಂದು ಸಲ, ಪೂರ್ತಿ ಹಿಂದೆ ತಿರುಗುತ್ತಾಳೆ! ಐದು ಸಲ ನೋಡಿದ್ದು ಇದನ್ನೇ. ಮೊದಲ ಸಲ ಚಿಕ್ಕಮ್ಮ ಗಾಬರಿಯಲ್ಲಿ ಕಣ್ಣು ಮಿಟುಕಿಸಿದಳು. ಎರಡನೆಯ ಸಲ ನನ್ನ ಪೆನ್ಸಿಲಿನ ಮೊನೆ ಮುರಿಯಿತು. ಮೂರನೆಯ ಸಲ ಎದುರಿನವಳ ಮಗು ಎದ್ದು ನಿಂತಿತು. ನಾಲ್ಕನೆಯ ಸಲ ಸರಿಯಾಗಿ ಆ ಬಾವಿಕಟ್ಟೆಯಲ್ಲೇ ರೀಲು ತುಂಡಾಯಿತು, ಅಂಟಿಸಿ ಮತ್ತೆ ಬಿಡುವಾಗ ಕೊಡ ತುಂಬಿ ಆಗಿತ್ತು. ಚಿಕ್ಕಮ್ಮ ಎದ್ದು ನಿಂತು ರೀಲು ಬಿಡುವ ಕೋಣೆಯ ಕಡೆ ಮುಖ ಮಾಡಿ ಬೊಬ್ಬೆ ಹೊಡೆದಳು.

"ಆ ಬೆನ್ನು ಇನ್ನೊಮ್ಮೆ ತೋರಿಸಿ ಮಾರಾಯ್ರೇ! ಅದಕ್ಕೇ ಬಂದದ್ದು ನಾವು!"

ಗಂಡಸರ ಬೆಂಚುಗಳಿಂದ ಶಿಳ್ಳೆಯೇ ಶಿಳ್ಳೆ! ತಾವು ಬಾಯಿಬಿಟ್ಟು ಕೇಳಲಾರದ್ದನ್ನು ಒಬ್ಬಳು ಹೆಂಗಸು ಕೇಳಿದಳಲ್ಲ ಎಂದು ಅವರಿಗೆ ಖುಷಿ. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಐದನೆಯ ಸಲ ಬೆನ್ನು ಸಿಕ್ಕಿತು. ನಾಲ್ಕು ಗುಂಡಿ, ಗುಂಡಿಯ ಮೇಲೊಂದು ಗಂಟು.

ಇನ್ನು ಬಣ್ಣದ ವಿಷಯ. ಟಾಕಿಯಲ್ಲಿ ಇರುವುದು ಕಪ್ಪು ಮತ್ತು ಬಿಳಿ. ಆದರೆ ಪಕ್ಕದ ಮನೆಯ ಪೋಸ್ಟ್‌ಮಾಸ್ಟರರ ಹೆಂಡತಿಗೆ ಬೇಕಾದ್ದು ಆ ಪುಗ್ಗೆ ಕೈಯ ರಾಣಿಯ ರವಿಕೆಯ "ಅದೇ ಬಣ್ಣ". ಚಿಕ್ಕಮ್ಮ ಒಂದು ಕ್ಷಣವೂ ಯೋಚಿಸದೆ, "ಅದು ಗಿಳಿಹಸಿರು" ಎಂದಳು. "ಅಲ್ಲ, ಕೆಂಪು. ಹಂಪನಕಟ್ಟೆಯ ಗೋಡೆಯಲ್ಲಿ ಚಿತ್ರ ಉಂಟು, ನಾನೇ ನೋಡಿದ್ದೇನೆ" ಎಂದರು ಅವರು. ಸರಿ, ಮೂವರೂ ಹೋದೆವು. ಹಂಪನಕಟ್ಟೆಯ ಗೋಡೆಯಲ್ಲಿ ರವಿಕೆ ಕೆಂಪೇ. ಅಲ್ಲಿಂದ ಬಂದರಿನ ದಾರಿಯ ಗೋಡೆಗೆ ಹೋದರೆ ಅದೇ ನಾಯಕಿ, ಅದೇ ನಗು, ರವಿಕೆ ಮಾತ್ರ ಹಸಿರು! ಪೋಸ್ಟ್‌ಮಾಸ್ಟರರ ಹೆಂಡತಿ ಕಂಗಾಲು.

"ಇದು ಹೇಗೆ?" ಎಂದರು.

"ರಾಣಿ ಅಲ್ವಾ? ಹಂಪನಕಟ್ಟೆಯಿಂದ ಇಲ್ಲಿಗೆ ಬರುವಾಗ ಬದಲಾಯಿಸಿದ್ಳು. ನಮ್ಮ ಹಾಗೆ ಒಂದನ್ನೇ ತೊಟ್ಟು ದಿನ ತೆಗೀತಾಳಾ?" ಎಂದಳು ಚಿಕ್ಕಮ್ಮ. ಅವರಿಗೆ ಕೊನೆಗೆ ಎರಡೂ ಬಣ್ಣದ್ದು ಹೊಲಿಸಬೇಕಾಯಿತು.

ಅವಳ ಪ್ರಯೋಗಗಳಿಗೆಲ್ಲ ಮೊದಲ ಬಲಿ ನಾನು. ಪುಗ್ಗೆ ಕೈ ನೆಟ್ಟಗೆ ನಿಲ್ಲಬೇಕಲ್ಲ? ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿ ನನಗೆ ತೊಡಿಸಿದಳು. ನಿಂತಿತು ನೋಡಿ, ಎರಡು ಭುಜದ ಮೇಲೆ ಎರಡು ಕಲಶ! ಬಾಗಿಲಲ್ಲಿ ಅಡ್ಡವಾಗಿ ದಾಟಬೇಕಾಯಿತು. ಶಾಲೆಯ ಗೇಟಿನ ಹತ್ತಿರ ತುಂತುರು ಮಳೆ. ಕೊಡೆ ಹಿಡಿದದ್ದು ಬಲಗೈಯಲ್ಲಿ, ಹಾಗಾಗಿ ಎಡದ ಪುಗ್ಗೆ ಕುಸಿಯಿತು, ಬಲದ್ದು ಹಾಗೆಯೇ ನಿಂತಿತು. ಇಡೀ ದಿನ ಮಕ್ಕಳು ಬೋರ್ಡು ನೋಡಲಿಲ್ಲ. ಹೆಡ್‌ಮಿಸ್ ಕರೆದು, "ನಿಮಗೆ ಭುಜ ಎಂತ ಆದದ್ದು? ಬಿದ್ರಾ?" ಎಂದು ಮರುಕದಿಂದ ಕೇಳಿದರು. "ಹೌದು" ಎಂದೆ. ಬೇರೆ ಏನು ಹೇಳಲಿ?

ಹೀಗಿರುವಾಗ ನನಗೆ ಎರಡು ಗಂಡು ಬಂದವು. ಒಂದು ಕದ್ರಿಯದ್ದು, ನಮ್ಮ ಮನೆಯಿಂದ ಕೂಗಿದರೆ ಕೇಳಿಸುವ ದೂರ. ಇನ್ನೊಂದು ಬೊಂಬಾಯಿಯದ್ದು, ಹಡಗು ಹತ್ತಿ ಹೋಗಬೇಕು. ಅಮ್ಮನಿಗೆ ಕದ್ರಿಯದ್ದೇ ಆಗಬೇಕೆಂದು ಆಸೆ. "ಇರುವುದು ಒಬ್ಬಳೇ ಮಗಳು, ಸಮುದ್ರ ದಾಟಿಸುದಾ?" ಎಂದು ಕಣ್ಣೊರೆಸಿಕೊಂಡಳು. ಲೆಕ್ಕ ಹಾಕಿದರೆ ಚಿಕ್ಕಮ್ಮನಿಗೂ ಕದ್ರಿಯದ್ದೇ ಆಗಬೇಕಿತ್ತು. ನಾನು ಅಲ್ಲಿದ್ದರೆ ಆದಿತ್ಯವಾರ ಬಂದು ಅವಳನ್ನು ಟಾಕಿಗೆ ಕರೆದುಕೊಂಡು ಹೋಗಬಹುದು. ಬೊಂಬಾಯಿಗೆ ಹೋದರೆ ಅವಳ ಟಾಕಿ ಅಲ್ಲಿಗೆ ಮುಗಿಯಿತು.

ಕದ್ರಿಯವನು ಬಂದು ನೋಡಿ ಹೋದ ವಾರಕ್ಕೆ ಬೊಂಬಾಯಿಯ ಹುಡುಗ ತನ್ನ ಸೋದರಮಾವನ ಜೊತೆ ಬಂದು ಜಗಲಿಯಲ್ಲಿ ಕೂತ. ಕಿವಿ ಸ್ವಲ್ಪ ಅಗಲ. ನಾಯಕರಿಗೆ ಅಂಥ ಕಿವಿ ಇರುವುದಿಲ್ಲ. ಆದರೆ ಕಾಫಿ ಕುಡಿದು ಲೋಟ ಕೆಳಗಿಡುವಾಗ ಮೆಲ್ಲನೆ, "ಅಲ್ಲಿಯೂ ನಮ್ಮ ಊರಿನವರ ಶಾಲೆ ಉಂಟು, ನಿಮಗೆ ಬೇಕಾದ್ರೆ ಕಲಿಸಬಹುದು" ಎಂದ. ಹಣೆಯ ಕೂದಲನ್ನು ಎರಡು ಬೆರಳಿನಿಂದ ಸರಿಸಲೂ ಇಲ್ಲ, ಹಾಡಲೂ ಇಲ್ಲ. ಆದರೂ ಸೋದರಮಾವನಿಗೆಂದು ತಂದ ತಿಂಡಿಯ ತಟ್ಟೆಯನ್ನೂ ನಾನು ಅವನ ಮುಂದೆಯೇ ಇಟ್ಟೆ! ಅಮ್ಮ ಸಂಬಳ, ಕುಲ, ದೈವ ಎಂದು ಒಂದೊಂದಾಗಿ ಕೇಳಬೇಕೆಂದು ಗಂಟಲು ಸರಿಮಾಡುತ್ತಿದ್ದಳು. ಅಷ್ಟರಲ್ಲಿ ಚಿಕ್ಕಮ್ಮ ಬಾಗಿಲಿನ ಹಿಂದಿನಿಂದ ಹೊರಗೇ ಬಂದುಬಿಟ್ಟಳು.

"ನಿಮ್ಮ ಕೋಣೆಯ ಹತ್ತಿರ ಟಾಕೀಸು ಉಂಟಾ?"

ಹುಡುಗ ತಬ್ಬಿಬ್ಬಾದ. "ನಾಲ್ಕು ಉಂಟು" ಎಂದ.

"ನಾಲ್ಕು! ಅಕ್ಕಾ, ಇದೇ ಗಂಡು ಆಗಬಹುದು!"

ಸೋದರಮಾವ ಕಾಫಿ ನೆತ್ತಿಗೇರಿ ಕೆಮ್ಮಿದರು. ಅವರು ಹೋದ ಮೇಲೆ ಅಮ್ಮ, "ನಿನಗೆ ತಲೆ ಸರಿ ಉಂಟಾ? ಮಗಳನ್ನು ಕೊಡುದು ಟಾಕೀಸಿಗಾ, ಮನೆಗಾ?" ಎಂದು ಹಾರಾಡಿದಳು. ಚಿಕ್ಕಮ್ಮ ಜಗ್ಗಲಿಲ್ಲ. ಅಲ್ಲಿ ಟಾಕಿ ಇಲ್ಲಿಗಿಂತ ಆರು ತಿಂಗಳು ಮೊದಲೇ ಬರುತ್ತದೆ, ಇವಳು ಚಿತ್ರ ಬರೆದು ಟಪಾಲಿನಲ್ಲಿ ಕಳಿಸಿದರೆ ಬಿಜೈಯಲ್ಲಿ ತನ್ನನ್ನು ಹಿಡಿಯುವವರೇ ಇಲ್ಲ ಎಂದು ಹದಿನೈದು ದಿನ ವಾದಿಸಿದಳು. ಅಮ್ಮ ಬೇಸತ್ತು ಒಪ್ಪಿದಳು. ರವಿಕೆಯ ಆಸೆಗೆ ನನ್ನನ್ನು ಬೊಂಬಾಯಿಗೆ ಮಾರಿದಳೆಂದು ಊರೆಲ್ಲ ನಕ್ಕಿತು, ನಾನೂ ನಕ್ಕೆ. ಒಳಗೊಳಗೇ ಕುಣಿದದ್ದು ಮಾತ್ರ ಯಾರಿಗೂ ಹೇಳಲಿಲ್ಲ.

ಮದುವೆಗೆ ಎಂಟು ದಿನ ಇರುವಾಗ ಒಂದು ಆದಿತ್ಯವಾರ ನಾವಿಬ್ಬರೂ ಕೊನೆಯ ಟಾಕಿಗೆ ಹೋದೆವು. ದೀಪ ಆರಿತು, ಪರದೆ ಸರಿಯಿತು, ನಾನು ಪೆನ್ಸಿಲು ಹಿಡಿದು ಕಾದೆ. ನಾಯಕಿ ಎರಡು ರವಿಕೆ ಬದಲಾಯಿಸಿದರೂ ಚಿಕ್ಕಮ್ಮ ನನ್ನ ತೊಡೆಗೆ ಹೊಡೆಯಲಿಲ್ಲ.

"ಚಿಕ್ಕಮ್ಮಾ, ಬರೀಲಾ?"

"ಬೇಡ ಮಗಾ. ಇವತ್ತು ಸುಮ್ಮನೆ ಕೂತ್ಕೋ."

ವಾಪಸು ಬರುವಾಗ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಕದ್ರಿಯದ್ದಕ್ಕೆ ಹ್ಞೂಂ ಅಂದಿದ್ರೆ ನಿನಗೇ ಒಳ್ಳೇದಿತ್ತು. ಇನ್ನು ನೀನು ಟಾಕಿಗೆ ಯಾರೊಟ್ಟಿಗೆ ಹೋಗ್ತಿ?" ಎಂದೆ.

"ಕದ್ರಿಯವನು ಬಂದಾಗ ನೀನು ನೆಲ ನೋಡ್ತಾ ಕೂತಿದ್ದಿ. ಬೊಂಬಾಯಿಯವನು ಮಾತಾಡುವಾಗ ನಿನ್ನ ಮುಖ ಹೇಗಾಯ್ತು ಅಂತ ನನಗೆ ಗೊತ್ತಿಲ್ವಾ? ಟಾಕಿಯಲ್ಲಿ ಆ ಕ್ರಾಪಿನವನು ಬಂದ ಕೂಡಲೇ ಆಗ್ತದಲ್ಲ, ಹಾಗೆ."

"ನೀನು ನೋಡುದು ರವಿಕೆ ಮಾತ್ರ ಅಲ್ವಾ?"

"ರವಿಕೆ ನೋಡ್ಲಿಕ್ಕೆ ಒಂದು ಕಣ್ಣು ಸಾಕು, ಮಗಾ."

ಅವಳು, ಟಾಕಿ ಇಲ್ಲದಿದ್ದರೇನು, ಕಲಿತದ್ದರಲ್ಲೇ ಇನ್ನು ಹತ್ತು ವರ್ಷ ಹೊಲಿಯಬಹುದು, ಬಿಜೈಯವರಿಗೆ ಅಷ್ಟೇ ಸಾಕು ಎಂದು ನಗುತ್ತ ನಡೆದಳು. ಎಷ್ಟು ಪ್ರೀತಿ ಇರಬೇಕು ಆ ಜೀವಕ್ಕೆ ನನ್ನ ಮೇಲೆ! ಅಷ್ಟು ದಿನ ಜಗಳಾಡಿದ್ದು, ತನ್ನ ಒಂದೇ ಒಂದು ಸುಖವನ್ನು ತಾನೇ ಕಳಕೊಳ್ಳಲಿಕ್ಕೆ.

ಮನೆಗೆ ಬಂದವಳೇ ನಾನು ಮೆಶಿನಿನ ಮೇಲಿದ್ದ ಟೇಪು ತೆಗೆದುಕೊಂಡೆ. "ಕೈ ಎತ್ತು ಚಿಕ್ಕಮ್ಮಾ" ಎಂದೆ.

"ಎಂತಕ್ಕೆ?"

"ಬೊಂಬಾಯಿಯಲ್ಲಿ ನಿನಗೆ ಒಂದು ರವಿಕೆ ಹೊಲಿಸಿ ಕಳಿಸ್ಲಿಕ್ಕುಂಟು. ನಿನ್ನ ಅಳತೆ ಎಷ್ಟು?"

ಬಿಜೈಯ ಅಷ್ಟೂ ಹೆಂಗಸರ ಅಳತೆ ಬಾಯಿಪಾಠ ಇದ್ದವಳಿಗೆ ತನ್ನದೇ ಗೊತ್ತಿಲ್ಲ, ತನ್ನದನ್ನು ಹಳೆ ರವಿಕೆ ಇಟ್ಟೇ ಕತ್ತರಿಸುವವಳು. ಅವಳ ಅಳತೆಯನ್ನು ಯಾರೂ ತೆಗೆದಿರಲೇ ಇಲ್ಲ. ಟೇಪು ತಾಗಿದ್ದೇ ಕಚಗುಳಿಯಾಗಿ ಕಿಸಕಿಸ ನಕ್ಕಳು. ಅವಳ ಬೊಬ್ಬೆ ಕೇಳಿ ಕೇಳಿ ನಾನು ಅವಳನ್ನು ದೊಡ್ಡ ಹೆಂಗಸು ಎಂದುಕೊಂಡಿದ್ದೆ. ಸುತ್ತಿ ತಂದರೆ ಟೇಪು ಎಷ್ಟೊಂದು ಉಳಿದುಬಿಟ್ಟಿತು! ಇಷ್ಟು ಸಣ್ಣವಳೆಂದು ನನಗೆ ಗೊತ್ತೇ ಇರಲಿಲ್ಲ.

ನಮ್ಮಲ್ಲಿ ಅಪ್ಪಿಕೊಳ್ಳುವ ಪದ್ಧತಿ ಇಲ್ಲ. ದೂರ ಹೋಗುವವರು ಕಾಲು ಮುಟ್ಟುತ್ತಾರೆ, ಕಳಿಸುವವರು ಬಾಗಿಲ ತನಕ ಬರುತ್ತಾರೆ, ಅಷ್ಟೇ.

"ಸರಿಯಾಗಿ ಹಿಡಿ ಮಗಾ, ಸಡಿಲ ಆದ್ರೆ ರವಿಕೆ ಕೂರುದಿಲ್ಲ" ಎಂದಳು.

ನಾನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದೆ. ಆಯ್ತಾ ಎಂದು ಅವಳು ಕೇಳಲಿಲ್ಲ. ನಾನೂ ಟೇಪು ಬಿಡಲಿಲ್ಲ.